ಒಂದು ಇಟ್ಟಿಗೆಯ ಗೋಡೆ

ರಾತ್ರಿ ಪಾಳಿ ಮುಗಿಸಿ, ನಿದ್ದೆಗೂ ಮುಂಚೆ,
ಅಶೋಕ ರಸ್ತೆಯ ಚೌರಪ್ಪನ ಅಂಗಡಿಗೆ ಬಂದಿದ್ದೇನೆ.
"ಏನು ಸಿಸ್ಟರ್, ಮಗುವಿಗಾ?"
ನನಗೇ, ಎಂದೆ. ಚಿಕ್ಕ ಮೈಯದು ಬೇಕು.
ರೋಗಿಗಳ ಮಗ್ಗುಲು ಹೊರಳಿಸಿ ಹೊರಳಿಸಿ
ಈ ಬಲಭುಜ ದೊಡ್ಡ ಗಿಟಾರಿನ ಸೊಂಟ ದಾಟಲೊಲ್ಲದು.

ಗೋಡೆಯಿಂದ ಮೂರು ಇಳಿಸಿದ.
ಮೊದಲು ಮೂರಕ್ಕೂ ಒಂದೇ ಶ್ರುತಿ ಮಾಡಿ,
ಯಾವುದರ ತಂತಿ ಹೊಸದು, ಯಾವುದರದು ಹಳತು, ಹೇಳಿಬಿಡಿ:
ತಂತಿಯ ತಪ್ಪಿಗೆ ಮರವನ್ನು ಬೈಯಬಾರದಲ್ಲ.

ಮೊದಲನೆಯದು ತಿಳಿಹಳದಿ ಸ್ಪ್ರೂಸ್.
ಸ್ಟೀಲ್ ಟ್ರೇ ಮೇಲೆ ಇಕ್ಕಳ ಇಟ್ಟ ಹಾಗೆ,
ಚೊಕ್ಕ, ಚುರುಕು, ಒಂದಿಷ್ಟೂ ಕರುಣೆಯಿಲ್ಲ.
"ಮದುವೆ ಹಾಲಿನ ಕೊನೇ ಸಾಲಿಗೂ ಕೇಳುತ್ತೆ"
ಚೌರಪ್ಪ ತಾನೇ ಮಾಡಿದವನಂತೆ ಹಿಗ್ಗಿದ.

ಎರಡನೆಯದಕ್ಕೆ ದೇವದಾರಿನ ಮುಖ, ಬೀಟೆಯ ಬೆನ್ನು.
ದಪ್ಪ ತಂತಿ ಮೀಟಿದರೆ
ನಮ್ಮ ಕಿರುಗಾವಲ ಕಡೆಯ ಆಲೆಮನೆ:
ಕೊಪ್ಪರಿಗೆಯಲ್ಲಿ ಪಾಕ ಗಟ್ಟಿಯಾಗುವ ಹೊತ್ತು
ಒಂದೊಂದೇ ಗುಳ್ಳೆ, ಸಾವಕಾಶ, ಒಡೆಯುವ ಸದ್ದು.
ಸಣ್ಣ ತಂತಿಯಲ್ಲಿ ಮಾತ್ರ ಯಾಕೋ ಕೊಂಚ ಮೂಗುದನಿ.

ಮೂರನೆಯದು ಪೂರಾ ಮಹಾಗನಿ, ಯಾರೋ ಮಾರಿ ಹೋದದ್ದು,
ಬೆನ್ನ ಮೇಲೆ ಬೆಲ್ಟಿನ ಬಕಲ್ಲು ಗೀರಿದ ಗುರುತು.
ಬೆರಳು ಮಡಚಿ ತಟ್ಟಿದೆ,
ಎದೆಯಲ್ಲಿ ನೀರು ಎಲ್ಲಿಯವರೆಗೆ ಏರಿದೆಯೆಂದು
ಡಾಕ್ಟರು ಬೆನ್ನು ತಟ್ಟಿ ನೋಡುವ ಹಾಗೆ.
ದನಿ ಒಳಗೇ ಕುಳಿತು ತಲೆಯಾಡಿಸಿತು.

ತೊಡೆಯ ಮೇಲಿದ್ದಾಗ ಮೂರೂ ನನ್ನವೇ.
ಮೋಸ ಇರುವುದೇ ಅಲ್ಲಿ:
ನುಡಿಸುವವಳ ಪಕ್ಕೆಲುಬಿಗೆ ಕೇಳುವುದೇ ಬೇರೆ,
ಎದುರಿನ ಕಿವಿಗೆ ತಲುಪುವುದೇ ಬೇರೆ.
ನನ್ನದು ಎನ್.ಆರ್. ಮೊಹಲ್ಲಾದ ಒಂಟಿ ಕೋಣೆ,
ಗೋಡೆ ಒಂದೇ ಇಟ್ಟಿಗೆ ದಪ್ಪ,
ಆಚೆ ಬದಿ ಚೆಲುವಾಜಮ್ಮಣ್ಣಿ,
ಮಾತ್ರೆ ನುಂಗಿ ಸಂಪಾದಿಸಿದ ನಿದ್ದೆ ಅವರದು.

ಅದಕ್ಕೇ ಅಂಗಡಿಯ ಹುಡುಗ ಲೋಹಿತನ ಕೈಗೆ ಕೊಟ್ಟು
ಗಾಜಿನ ಬಾಗಿಲು ಎಳೆದುಕೊಂಡು ಫುಟ್‌ಪಾತಿನಲ್ಲಿ ನಿಂತೆ.
ಅದೇ ನಾಲ್ಕು ಸ್ವರ ಕಣೋ, ಜಾಣತನ ಬೇಡ.
ಮೊದಲನೆಯದು ಬಾಗಿಲು ದಾಟಿ, ಆಟೋ ಸ್ಟ್ಯಾಂಡು ದಾಟಿ,
ಕಬ್ಬಿನ ಹಾಲಿನ ಯಂತ್ರದ ಗೆಜ್ಜೆಗೆ ಉತ್ತರ ಕೊಟ್ಟಿತು.
ಮೂರನೆಯದು ಏನೂ ಕೇಳಲಿಲ್ಲ.
ಗಾಜಿನ ಹಿಂದೆ ಬೆರಳು ಮಾತ್ರ ಆಡುತ್ತಿದ್ದವು,
ಐಸಿಯು ಕಿಟಕಿಯಾಚೆ ತುಟಿ ಆಡಿಸುವವರ ಹಾಗೆ.

ಅದೇ ತಾನೇ ನಾನು ಬಯಸಿ ಬಂದದ್ದು? ಹೊರಗೆ ಹೋಗದ ದನಿ?
ಪರ್ಸಿನ ಜಿಪ್ಪಿಗೆ ಹೋದ ಕೈ ಅಲ್ಲೇ ನಿಂತಿತು.
ಇಂಥ ಮೌನವನ್ನು ನೋಡುತ್ತ ಕೂರುವುದಕ್ಕೆ
ನನಗೆ ತಿಂಗಳಿಗೆ ಸಂಬಳ ಕೊಡುತ್ತಾರೆ.

ಎರಡನೇದು, ಇನ್ನೊಂದು ಸಲ.
ಸಿಟಿ ಬಸ್ಸೊಂದು ಹೋಗಿ ಇನ್ನೊಂದು ಬರುವುದರೊಳಗೆ
ಬಾಗಿಲ ಸಂದಿಯಿಂದ ಸೋರಿತು,
ಬೇರೆಯವರ ಮನೆಯ ಒಗ್ಗರಣೆಯ ವಾಸನೆಯಷ್ಟು.
ಸಾಕು. ಅಷ್ಟು ಸೋರಲಿ.
ಅಮ್ಮಣ್ಣಿ ಬೈದರೆ ಬೈಯಲಿ,
ಆ ನೆಪಕ್ಕಾದರೂ ಗೋಡೆ ತಟ್ಟುತ್ತಾರೆ.

ಚೀಲದ ಜಿಪ್ಪು ಅರ್ಧಕ್ಕೇ ನಿಲ್ಲುತ್ತದೆಂದು ಜಗಳವಾಡಿ
ಆರುನೂರು ಬಿಡಿಸಿದೆ.
ಬಸ್ಸಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು
ತೂಕಡಿಸುತ್ತಿದ್ದೆ. ಫೌಂಟನ್ ಸರ್ಕಲ್ಲಿನ ಗುಂಡಿಗೆ ಚಕ್ರ ಇಳಿದಾಗ
ಚೀಲದೊಳಗಿಂದ ತಾನಾಗೇ ಏನೋ ಒಂದು ಅಂದಿತು.
ಪಕ್ಕದ ಸೀಟಿನ ಹೆಂಗಸು
ತನ್ನ ಫೋನು ತೆಗೆದು ನೋಡಿ
ಮತ್ತೆ ಒಳಗಿಟ್ಟುಕೊಂಡಳು.