ಉಳಿದ ದೀರ್ಘ

ದುರ್ಗದಬೈಲ್ ಕಡೆ, ಗಾಜಿನ ಡಬ್ಬಿಯಂಥ ಒಂದು ಅಂಗಡಿಯೊಳಗ
ಫೋನ್ ಮಾರಿದೆ. ಮೂರು ಸಾವಿರದ ಇನ್ನೂರು.
ಹುಡುಗ ಹಿಂದ ಮುಂದ ತಿರುವಿ ನೋಡಿ, ಉಗುರಿಲೆ ಗೀಚಿ
'ಎಲ್ಲಾ ತಗದೀರೇನ್ರೀ ಮೇಡಂ?' ಅಂದ.
ಸಿಮ್ ತಗದಿದ್ದೆ. ಹಿಂದಿನ ಕವರಿನ್ಯಾಗಿಂದ
ಹತ್ತರ ನೋಟು, ಒಣಗಿದ ತುಳಸಿ ಎಲಿ ತಗದಿದ್ದೆ.
ಹೂಂ ಅಂದೆ.
ಮೂವತ್ತು ವರ್ಷ ಪ್ರೂಫ್ ತಿದ್ದಿದಾಕಿ
ನೋಡದನ ಹೂಂ ಅಂದದ್ದು ಅದೊಂದ ಸಲ.

ಗದಗಿಗೆ ಬಂದು ಹೊಸಾದು ತಗದೆ, ಅಕ್ಷರ ದೊಡ್ಡು ಕಾಣೂವಂಥಾದ್ದು.
'ನಿಮ್ಮ ಸಾಧನಗಳು' ಅಂತ ಒಂದು ಪುಟ.
ನಗು ಬಂತು. ಐವತ್ತಾರು ತುಂಬಿದರೂ
ಎಣಿಸಾಕ ಎರಡ ಇದ್ವು.
ಒಂದು ಕೈಯಾಗ. ಇನ್ನೊಂದು ನೀಲಿ ಚುಕ್ಕಿಯಾಗಿ ಓಡ್ತಿತ್ತು:
ಕುಂದಗೋಳ, ಗುಡಗೇರಿ, ಯಲವಿಗಿ,
ಹಾವೇರಿಯೊಳಗ ತಾಸೊತ್ತು ನಿಂತು
ಬ್ಯಾಡಗಿಗೆ ಹೋಗಿ ಮಲಗಿತು.

ಮರುದಿನದಿಂದ ನನ್ನ ಫೋಟೋದಾಗ
ಯಾರದೋ ಮನಿ ಬರಾಕ ಹತ್ತಿತು.
ಮೆಣಸಿನಕಾಯಿ ರಾಶಿ, ತೊಟ್ಟು ಬಿಡಿಸೂ ಹೆಣಮಕ್ಕಳು,
ಒಂದು ತೂಕದ ಚೀಟಿ.
ಮುಂದಿನ ಹಲ್ಲು ಬಿದ್ದ ಹುಡುಗಿ.
ಅದೇ ಹುಡುಗಿ, ಬಾಯಿ ಮುಚಗೊಂಡು.
ಬೊಟ್ಟು ಅಡ್ಡ ಬಂದ ಏಳು ಫೋಟೋ.

ಆವತ್ತ ಬಿಡಿಸಬೇಕಿತ್ತು ನಂಟು. ಬಿಡಿಸಲಿಲ್ಲ.
ಸುಳ್ಳ ಯಾಕ ಹೇಳಲಿ,
ಪ್ರೆಸ್ಸಿನ್ಯಾಗ ಚಾದ ಹೊತ್ತಿಗೆ ತಗದು ನೋಡೂದು ರೂಢಿ ಆತು,
ಹಲ್ಲು ಹುಟ್ಟಿತೇನು ಅಂತ.

ಹನ್ನೊಂದನೇ ದಿವಸ ಒಂದು ಹಾಳಿ ಬಂತು.
ಗೆರಿ ನೋಟ್‌ಬುಕ್ಕಿನದು, ಪೆನ್ನಿಲೆ ಬರದದ್ದು, ಛಾಪಾಕ್ಕ ಕೊಡಾಕ.
ಕೂಸಿನ ಹೆಸರಿಡೂ ಕಾರ್ಯ, ಗುರುವಾರ.
'ತಾವೆಲ್ಲರೂ ಬಂದು ಆಶಿರ್ವದಿಸಬೇಕು,
ಇಂತಿ, ಹೊನ್ನವ್ವ ಮತ್ತು ಕರಿಯಪ್ಪ ದೇವಿಹೊಸೂರ.'
'ಶಿ' ಗಿಡ್ಡ.
ದೀರ್ಘ ಇಲ್ಲ.

ಬಲಗೈ ತನ್ನಷ್ಟಕ್ಕ ತಾನ ಕೆಂಪು ಪೆನ್ನು ಹುಡುಕಿತು.
ಹಾಳಿ ತುದಿಗೆ ನಂಬರ್ ಸುದ್ದಾ ಇತ್ತು.
ಹತ್ತೂ ಅಂಕಿ ಒತ್ತಿದೆ. ಹಸಿರು ಗುಂಡಿ ಮ್ಯಾಲೆ ಬೊಟ್ಟು ನಿಂತಿತು.
'ಯಾರ್ರೀ?' ಅಂದರ ಏನ ಹೇಳಲಿ?
ನಿಮ್ಮ ಗ್ವಾಡಿಯಾಗ ಒಂದು ಕಿಂಡಿ ಐತಿ,
ಹನ್ನೊಂದು ದಿವಸದಿಂದ ಹಣಿಕಿ ಹಾಕಾಕಿ ನಾನ
ಅನ್ನಲೇನು?

ಅಪ್ಪ ಮೊಳಿ ಜೋಡಸಾವ.
ಛಾಪಾ ಮುಗದಮ್ಯಾಲೆ ಫರ್ಮಾ ಬಿಚ್ಚಿ, ಸೀಮೆಎಣ್ಣಿಲೆ ತೊಳದು,
ಒಂದೊಂದ ಮೊಳಿ ತಿರಗಿ ಅದರದರ ಮನಿಗೆ ಹಾಕತಿದ್ದ.
ಎಂಥಾ ಚಂದ ಪುಟಾ ಇದ್ದರೂ ಬಿಚ್ಚಾವನ.
ನಾ ಅಳತಿದ್ದೆ, ನನ್ನ ಹೆಸರು ಕಟ್ಟಿದ್ದು ಹಂಗ ಇಡು ಅಂತ.
'ಹಂಗ ಇಟ್ಟರ, ನಾಳೆ ಬಂದವರ ಹೆಸರಿಗೆ
ಅಕ್ಷರ ಎಲ್ಲಿಂದ ತರ್ತಿ?' ಅಂತಿದ್ದ.

ಪುಟ ತಗದೆ.
'ಈ ಸಾಧನವನ್ನು ತೆಗೆದುಹಾಕಬೇಕೆ?'
ಎರಡು ಸಲ ಓದಿದೆ, ಪ್ರೂಫ್ ಓದಿದಂಗ.
ಮೊದಲು ನಂಟು, ಆಮ್ಯಾಲೆ ಫೋಟೋ.
ಉಲ್ಟಾ ಮಾಡಿದ್ದರ ಅವರ ಕೈಯಾಗಿಂದೂ ಹೋಗತಿದ್ದಳು ಆ ಬೊಚ್ಚುಬಾಯಿ ಹುಡುಗಿ.
ಅಂಚೆ, ಗ್ಯಾಸಿನ ಬುಕಿಂಗು, ಬ್ಯಾಂಕು, ಲೈಟ್ ಬಿಲ್ಲು
ಒಂದರ ಹಿಂದ ಒಂದು ಬಿಚ್ಚಿಕೋತ ಹೋದೆ.
ನಕಾಶೆಯೊಳಗ ಬ್ಯಾಡಗಿ ಇತ್ತು, ಚುಕ್ಕಿ ಇರಲಿಲ್ಲ.
ಬೊಟ್ಟು ಮೂಸಿ ನೋಡಿಕೊಂಡೆ. ಏನೂ ವಾಸನಿ ಇಲ್ಲ.

ಗುರುವಾರ ಆಗಿ ಹೋತು.
ಏನ ಹೆಸರಿಟ್ಟರೋ, ಆ ಹಾಳ್ಯಾಗ ಜಾಗಾ ಖಾಲಿ ಬಿಟ್ಟಿದ್ದರು.
ಬ್ಯಾಡಗ್ಯಾಗ ನನ್ನಂಥಾಕಿ ಒಬ್ಬಾಕಿ ತಿದ್ದಿರಬೇಕು.
ಇಲ್ಲಾ, ಗಿಡ್ಡ ಶಿ ಇಟಗೊಂಡನ
ನೂರು ಮಂದಿ ಹರಸಿ, ಉಂಡು ಹೋಗಿರಬೇಕು.

ಆ ಒಂದು ದೀರ್ಘ ಮಾತ್ರ
ನನ್ನ ಹಂತೇಕನ ಉಳೀತು.