ಅಳತೆಯ ಕಾಗದ

ನನ್ನ ಮೊದಲ ಚಿತ್ರ ಬರೆದವನು
ಮೆಗ್ಗಾನ್ ಆಸ್ಪತ್ರೆಯ ಕ್ಯಾಲಿಪರ್ ಮೇಸ್ತ್ರಿ.
ಕಂದು ಕಾಗದದ ಮೇಲೆ ಕಾಲು ಚಾಚಿಸಿ
ಪೆನ್ಸಿಲ್ ಸುತ್ತಿಸಿದ,
ತೊಡೆಯಿಂದ ಹಿಮ್ಮಡಿಗೆ, ಮತ್ತೆ ಮೇಲಕ್ಕೆ.
ಕಚಗುಳಿ. ನಗು ಬಂತು.
ಅಮ್ಮ ಅಳುತ್ತಿದ್ದಳು, ನುಂಗಿಕೊಂಡೆ.

ಎರಡನೆಯದು ದುರ್ಗಿಗುಡಿಯ ಸ್ಟುಡಿಯೋದಲ್ಲಿ,
ಸರ್ಟಿಫಿಕೇಟಿಗೆ.
"ಊನ ಕಾಣ್ಬೇಕಮ್ಮ, ಲಂಗ ಸ್ವಲ್ಪ ಮೇಲೆ."
ಕಾಲು ಸ್ಪಷ್ಟವಾಗಿ ಬಂದಿತ್ತು.
ಕಣ್ಣು ಮುಚ್ಚಿಹೋಗಿತ್ತು, ಪರವಾಗಿಲ್ಲ ಎಂದರು.
ಶೇಕಡಾ ಅರವತ್ತೈದು ಎಂದು ಬರೆದು ಸೀಲು ಒತ್ತಿದರು.
ಉಳಿದ ಮೂವತ್ತೈದು ಯಾವ ಕಡೆ ಇದೆ
ಹೇಳಲಿಲ್ಲ.

ಮನೆಯ ಕನ್ನಡಿ ನಿಂತವರದ್ದು.
ಗಾಲಿಕುರ್ಚಿಯಿಂದ ನನಗೆ ಸಿಗುತ್ತಿದ್ದದ್ದು ಬೈತಲೆ,
ಅದರ ಮೇಲೆ ಎದುರು ಗೋಡೆಯ ಕ್ಯಾಲೆಂಡರಿನ ಅರ್ಧ ತಿಂಗಳು.
ಮೊನ್ನೆ ಭಾವನ ಸುತ್ತಿಗೆ ತಗೊಂಡು
ನಾನೇ ಕೆಳಗೊಂದು ಮೊಳೆ ಹೊಡೆದೆ.
ಗಾರೆ ಉದುರಿತು. ಅಕ್ಕ ಬೈದಳು.
ನನಗೊಂದು ಗದ್ದ ಇತ್ತು, ಅಪ್ಪನದು.

ಈಗ ಮೂರನೆಯದು.
ಗಾಂಧಿ ಬಜಾರಿನಿಂದ ತರಿಸಿದ ಅದೇ ಕಂದು ಕಾಗದ
ನೆಲಕ್ಕೆ ಹಾಸಿ, ಇಳಿದು ಕುಳಿತು
ಮೊದಲು ಬಲಗಾಲಿಗೊಂದು ಸುತ್ತು.
ಪಾಪ, ಅದನ್ನು ಯಾರೂ ಬರೆದೇ ಇರಲಿಲ್ಲ.
ಆಮೇಲೆ ಎಡದ್ದು.
ಮಂಡಿಯ ಹತ್ತಿರ ಬಂದಾಗ
ಅದೇ ಕಚಗುಳಿ.
ಈ ಸಲ ಕೋಣೆಯಲ್ಲಿ ಯಾರೂ ಅಳುತ್ತಿರಲಿಲ್ಲ.

ನಕ್ಕೆ. ಕೈ ಜಾರಿತು.
ಗೆರೆ ಕಾಗದ ದಾಟಿ
ರೆಡ್ ಆಕ್ಸೈಡಿನ ನೆಲದ ಮೇಲೆ
ಹೊಸಿಲ ತನಕ ಹೋಯಿತು.

ಅಕ್ಕ ಒದ್ದೆಬಟ್ಟೆ ತಂದಳು.
ತಾಳೇ, ಅಂದೆ,
ಕಾಲು ಇನ್ನೂ ಮುಗಿದಿಲ್ಲ.