ಮೂರನೆಯದಕ್ಕೆ ಇನ್ನೂ ಹೆಸರಿಲ್ಲ

ರಾತ್ರಿ ಹನ್ನೊಂದೂಮುಕ್ಕಾಲಿಗೆ ಕೌನಾಸಿನ ಡಿಪೋದಲ್ಲಿ
ಟ್ರಾಲಿಬಸ್ಸು ನಿಲ್ಲಿಸಿ,
ತಂತಿಯಿಂದ ಎರಡೂ ಕೋಲು ಇಳಿಸಿ ಕಟ್ಟಿ,
ಝಿವಿಲೆ ಮನೆಗೆ ನಡೆಯುತ್ತಾಳೆ.
ಕೈಗವಸಿನೊಳಗೆ ಇನ್ನೂ ಸ್ಟಿಯರಿಂಗಿನ ನಡುಕ.

ಅಡುಗೆಮನೆಯ ಮೇಜು, ನಿನ್ನೆಯ ಕಪ್ಪು ಬ್ರೆಡ್ಡು,
ಒಂದು ಕೀಲಿ ಕಿತ್ತುಹೋದ ಲ್ಯಾಪ್‌ಟಾಪು.
ನಾಲ್ಕು ವರ್ಷ, ಎರಡು ಆಟ.
ಹೇಳಿಕೊಳ್ಳುವಂಥದ್ದೇನಲ್ಲ
ಎನ್ನುತ್ತಲೇ ಎಲ್ಲರಿಗೂ ಹೇಳಿದ್ದಾಳೆ.

ಮೊದಲನೆಯದು ಕೋಟಿನ ಗುಂಡಿಗಳದು.
ಅಮ್ಮನ ಬಿಸ್ಕತ್ತಿನ ಡಬ್ಬಿ ಸುರುವಿ
ಒಂದೊಂದರದೂ ಫೋಟೊ ತೆಗೆದು
ಜೋಡಿ ಹುಡುಕುವ ಆಟ ಮಾಡಿದಳು.
ಕೊಂಡವರು ಹದಿನೇಳು ಜನ,
ಹನ್ನೊಂದು ಮಂದಿ ಡಿಪೋದವರೇ.
ಒಬ್ಬ ಮಾತ್ರ ಯಾರೋ ಪೆರು ದೇಶದವನು.
ಕೆಂಪು ದೀಪಕ್ಕೆ ಬಸ್ಸು ನಿಂತಾಗಲೆಲ್ಲ
ಅವನು ನೆನಪಾಗಿ ನಗು ಬರುತ್ತದೆ.

ಎರಡನೆಯದರಲ್ಲಿ ಒಂದು ಬಸವನಹುಳು
ಒಂದು ಎಲೆಕೋಸು ದಾಟಬೇಕು. ನಲವತ್ತು ನಿಮಿಷ.
"ನನ್ನ ತೋಟದ ಹುಳು ಇದಕ್ಕಿಂತ ಬೇಗ ತಿಂದು ಮುಗಿಸುತ್ತೆ"
ಎಂದ ಮೆಕ್ಯಾನಿಕ್ ರೊಮಾಲ್ದಾಸ್,
ಆದರೂ ಎರಡು ಸಲ ದಾಟಿದ.

ದೊಡ್ಡದಾಗಬೇಕಿದ್ದದ್ದು ಮೂರನೆಯದು.
ಇಡೀ ಊರು. ಹದಿನಾಲ್ಕು ಮಾರ್ಗ.
ಮುನ್ನೂರು ಪ್ರಯಾಣಿಕರು, ಒಬ್ಬೊಬ್ಬರಿಗೂ ಒಂದೊಂದು ಕೆಲಸ.
ಹಿಮ ಬಿದ್ದರೆ ಕೋಲು ತಂತಿ ಬಿಟ್ಟು ಹಾರಬೇಕು,
ಚಾಲಕಿ ಇಳಿದು ಹಗ್ಗ ಹಿಡಿದು ಎಳೆಯಬೇಕು,
ಒಳಗಿನವರು ಗೊಣಗಬೇಕು.
ಕೂಡುವ ಎರಡು ನದಿಗಳಲ್ಲಿ ಒಂದನ್ನು ಬರೆಯುವಷ್ಟರಲ್ಲಿ
ಒಂದು ವಸಂತ ಮುಗಿಯಿತು.
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಂತೆ.
ಇವಳ ತಲೆ ನೆಮುನಾಸಿನ ಈ ದಡದಲ್ಲಿ,
ಕಾಲು ಆ ದಡದಲ್ಲಿ, ನಡುವೆ ಬರೀ ನೀರು.

ಅದರಲ್ಲೊಬ್ಬಳು ಹಸಿರು ಸ್ಕಾರ್ಫಿನ ಅಜ್ಜಿ.
ಬಸ್ಸು ಹತ್ತಿದವಳು ಕೂರುವುದಿಲ್ಲ,
ಹಿಂದಿನ ಗಾಜಿನ ಮೂಲಕವೇ ಹಾಯ್ದು
ನಕ್ಷೆಯೇ ಇಲ್ಲದ ಕಡೆ ನಡೆದುಬಿಡುತ್ತಾಳೆ,
ಕಪ್ಪಿನಲ್ಲಿ, ಕೈಚೀಲ ಆಡಿಸುತ್ತ.
ಮೂರು ವಾರ ಹುಡುಕಿದ ಮೇಲೆ ತಪ್ಪು ಸಿಕ್ಕಿತು:
ಒಂದು ಕಳೆಯುವ ಚಿಹ್ನೆ.
ಈಗ ಅಜ್ಜಿ ಸೀಟಿನಲ್ಲಿ ಸರಿಯಾಗಿ ಕೂತಿದ್ದಾಳೆ.
ಎಲ್ಲರ ಹಾಗೆ.

ಭಾನುವಾರ ಅಕ್ಕನ ಮಗ ಜೋರಿಸ್ ಬಂದ. ಎಂಟು ವರ್ಷ.
ಆಟ ತೆರೆದುಕೊಟ್ಟಳು. ಅವನು ಬಸ್ಸು ಹತ್ತಲೇ ಇಲ್ಲ.
ನಿಲ್ದಾಣದಲ್ಲಿ, ಜಾಗ ತುಂಬಲಿ ಅಂತ ಇಟ್ಟಿದ್ದ ನಾಯಿಯೊಂದಿತ್ತು.
ಹತ್ತಿರ ಏನು ಕದಲಿದರೂ ಅತ್ತ ತಲೆ ತಿರುಗಿಸು
ಎಂದು ಎರಡೇ ಸಾಲು ಬರೆದಿದ್ದಳು ಅದಕ್ಕೆ.
ಹುಡುಗ ಎಡಕ್ಕೊಂದು ಹೆಜ್ಜೆ, ನಾಯಿ ಎಡಕ್ಕೆ.
ಬಲಕ್ಕೊಂದು ಹೆಜ್ಜೆ, ನಾಯಿ ಬಲಕ್ಕೆ.
ಹಿಮ ಬೀಳುತ್ತಿತ್ತು. ಒಂದಾದ ಮೇಲೊಂದು ಮೂರು ಬಸ್ಸು ಹೋದವು.
"ಹತ್ತೋ ಮರಿ, ಮುಂದೆ ಸೇತುವೆ ಇದೆ."
"ಹತ್ತಿದರೆ ನಾಯಿ ಒಂದೇ ಆಗುತ್ತಲ್ಲ."

ಆ ರಾತ್ರಿ ಬ್ರೆಡ್ಡು ಹಾಗೇ ಉಳಿಯಿತು.
ಹದಿನಾಲ್ಕು ಮಾರ್ಗ, ಒಂದೂಕಾಲು ನದಿ, ಸೇತುವೆ,
ಇನ್ನೂರ ತೊಂಬತ್ತೊಂಬತ್ತು ಪ್ರಯಾಣಿಕರು,
ಎಲ್ಲವನ್ನೂ 'ಆಮೇಲೆ' ಎಂಬ ಫೋಲ್ಡರಿಗೆ ಹಾಕಿದಳು.
ಉಳಿದದ್ದು ಒಂದು ನಿಲ್ದಾಣ, ಒಂದು ದೀಪ, ಆ ನಾಯಿ.
ಆರು ನಿಮಿಷಕ್ಕೊಂದು ಬಸ್ಸು.
ಹತ್ತಿದರೆ ಆಟ ಮುಗಿಯಿತು.
ಗುಡ್ಡ ಅಗೆದು ಇಲಿ ಹಿಡಿದಳು ಅನ್ನಲಿ ರೊಮಾಲ್ದಾಸ್.
ಬೇಕಾಗಿದ್ದದ್ದು ಇಲಿಯೇ,
ಗುಡ್ಡ ಅಡ್ಡ ಬಂದಿತ್ತು.

ಮಲಗುವ ಮುಂಚೆ ಆ ಕಳೆಯುವ ಚಿಹ್ನೆಯನ್ನು
ಮತ್ತೆ ಇದ್ದಲ್ಲೇ ಇಟ್ಟಳು.
ಅಜ್ಜಿ ಗಾಜು ದಾಟಿ ಇಳಿದಳು,
ನಾಯಿಯ ಪಕ್ಕ ಒಂದು ಗಳಿಗೆ ನಿಂತಳು,
ಹೊರಟಳು. ನಾಯಿ ಅವಳು ಹೋದ ಕಡೆಗೇ ನೋಡುತ್ತಿತ್ತು.
ಅದಕ್ಕಾಗಿ ಇವಳು ಹೊಸದಾಗಿ ಏನೂ ಬರೆದಿರಲಿಲ್ಲ.

ಬೆಳಿಗ್ಗೆ ಡ್ಯೂಟಿ ಚೀಟಿಯ ಬೆನ್ನಿಗೆ ಗೀಚಿದ್ದು:
ನಾಲ್ಕನೆಯದು, ಬೀಟ್‌ರೂಟಿನ ತಣ್ಣನೆಯ ಸೂಪು.
ಕಲಕುವುದಷ್ಟೇ, ಬಣ್ಣ ಬದಲಾಗುವುದಷ್ಟೇ.
ಎರಡು ವಾರ ಸಾಕು.
'ಎರಡು' ಹೊಡೆದುಹಾಕಿದಳು.
ಬೇರೆ ಅಂಕಿ ಬರೆಯಲಿಲ್ಲ.